ಹಾಳೂರಿಗೆ ನಾನೇ ಗೌಡತಿ

(ಹುಬ್ಬಳ್ಳಿಯಲ್ಲಿ ವಿನ್ಯಾಸ ಕಲಿಯುತ್ತಿರುವವರು ಮತ್ತು ಸಣ್ಣ ಕಂಪನಿಗಳಲ್ಲಿ ಆ ಕೆಲಸ ಮಾಡುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಆಡುವಾಗ ಮರೆತ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ. ಆಡಬಾರದಿತ್ತು ಅನ್ನಿಸಿದ ಒಂದನ್ನು ಕೈಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ನನ್ನನ್ನು ‘ವಿನ್ಯಾಸ ವಿಭಾಗದ ಮುಖ್ಯಸ್ಥೆ’ ಎಂದು ಪರಿಚಯಿಸಿದರು. ಸುಳ್ಳೇನಲ್ಲ. ಆದರೆ ಆ ವಿಭಾಗ ಎಂದರೆ ಏಳು ವರ್ಷಗಳಲ್ಲಿ ಆರು ವರ್ಷ ಒಂದು ಮೇಜು, ಅದರ ಪಕ್ಕದಲ್ಲಿ ಕೆಟ್ಟುಹೋದ ಪ್ರಿಂಟರ್ ಮತ್ತು ನಾನು. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆ ನಿಮಗೆ ಗೊತ್ತು. ಆ ಲೆಕ್ಕದಲ್ಲಿ ನಾನು ಗೌಡತಿ. ಇಂಥ ಗೌಡಿಕೆ ನಡೆಸುವುದು ಕಷ್ಟವಲ್ಲ, ಎದುರಾಡುವವರು ಊರಿನಲ್ಲಿ ಯಾರೂ ಇರುವುದಿಲ್ಲ. ಆ ಸುಖದಲ್ಲಿಯೇ ನಾನು ಎರಡು ವರ್ಷ ಕೆಟ್ಟೆ. ಅದರ ಕಥೆ ಹೇಳಲು ಬಂದಿದ್ದೇನೆ.

ನಮ್ಮದು ನಲವತ್ತು ಜನರ ಕಂಪನಿ. ಎಪಿಎಂಸಿ ಯಾರ್ಡ್‌ಗಳ ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ರೈತ ಮೆಣಸಿನಕಾಯಿಯನ್ನೋ ಶೇಂಗಾವನ್ನೋ ತಂದು ಅಂಗಡಿಯ ಮುಂದೆ ಇಳಿಸುತ್ತಾನೆ. ಟೆಂಡರ್ ಆಗುತ್ತದೆ, ತೂಕವಾಗುತ್ತದೆ. ಗುಮಾಸ್ತರು ಚೀಲ, ತೂಕ, ದರ ಬರೆದುಕೊಂಡು, ಹಿಂದೆ ಕೊಟ್ಟ ಮುಂಗಡವಿದ್ದರೆ ಕಳೆದು, ರೈತನ ಕೈಗೆ ಲೆಕ್ಕಪಟ್ಟಿ ಕೊಡುತ್ತಾರೆ. ಆ ಪಟ್ಟಿ ಮೊದಲು ಕಂಪ್ಯೂಟರಿನಲ್ಲಿ, ಈಗ ಮೊಬೈಲಿನಲ್ಲಿ ತಯಾರಾಗುವಂತೆ ಮಾಡುವುದು ನಮ್ಮ ಕೆಲಸ. ನಾನು ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಒಂಬತ್ತು ಮಂದಿ ಡಿಸೈನರ್‌ಗಳಿದ್ದ ಸ್ಟುಡಿಯೋ ಒಂದರಲ್ಲಿ ಮೂರು ವರ್ಷ ಇದ್ದೆ. ಅಪ್ಪನ ಆರೋಗ್ಯ ಕೆಟ್ಟಿತೆಂದು ಊರಿಗೆ ಮರಳಿದವಳು ಈ ಕಂಪನಿ ಸೇರಿದೆ.

ಮೊದಲ ದಿನ ಮಾಲೀಕರು ಕೊಟ್ಟ ಕೆಲಸಗಳು ಇವು: ಗಣೇಶ ಚತುರ್ಥಿಗೆ ಶುಭಾಶಯದ ಚಿತ್ರ, ಮಾರಾಟದ ಹುಡುಗರಿಗೆ ವಿಸಿಟಿಂಗ್ ಕಾರ್ಡ್, ಧಾರವಾಡದ ಕೃಷಿ ಮೇಳದ ಮಳಿಗೆಗೆ ಎಂಟು ಅಡಿ ಫ್ಲೆಕ್ಸ್. ಕೊನೆಗೆ ಬಾಗಿಲವರೆಗೆ ಹೋದವರು ತಿರುಗಿ, ‘ಸಮಯ ಉಳಿದರೆ ನಮ್ಮ ಆ್ಯಪನ್ನೂ ಸ್ವಲ್ಪ ಚೆಂದ ಮಾಡಿಕೊಡಿ’ ಎಂದರು. ಅವರನ್ನು ದೂರುತ್ತಿಲ್ಲ. ಅವರಿಗೆ ಗೊತ್ತಿದ್ದ ಡಿಸೈನರ್ ಎಂದರೆ ಕೋರೆಲ್‌ಡ್ರಾ ತೆರೆದುಕೊಂಡು ಕುಳಿತ ಡಿಟಿಪಿ ಅಂಗಡಿಯವರು. ಪಾಪ, ಅವರಿಗೂ ಇದೇ ಮಾತು ಹೇಳಿದ್ದಿರಬೇಕು.

ನಾನು ಆ್ಯಪನ್ನು ಚೆಂದ ಮಾಡಿದೆ. ಎಲ್ಲರೂ ‘ಚೆನ್ನಾಗಿದೆ’ ಎಂದರು.

ಈ ‘ಚೆನ್ನಾಗಿದೆ’ ಎಂಬ ಮಾತಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬೆಂಗಳೂರಿನ ಸ್ಟುಡಿಯೋದಲ್ಲಿ ಒಬ್ಬ ಹಿರಿಯರಿದ್ದರು. ನಮ್ಮ ಪರದೆಯ ಮೇಲೆ ಬೆರಳಿಟ್ಟು, ‘ಇದು ಇಲ್ಲಿ ಯಾಕಿದೆ?’ ಎಂದು ಕೇಳುವುದೇ ಅವರ ಕೆಲಸ. ಉತ್ತರ ಹೊಳೆಯದಿದ್ದರೆ ಅದನ್ನು ತೆಗೆದುಹಾಕಿ ಬರಬೇಕು. ಆಗ ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಹುಬ್ಬಳ್ಳಿಗೆ ಬಂದ ಮೇಲೆ ಅಂಥವರು ಇಲ್ಲ ಎಂಬುದೇ ದೊಡ್ಡ ಬಿಡುಗಡೆ ಅನ್ನಿಸಿತು. ಮಾಲೀಕರು ‘ಚೆನ್ನಾಗಿದೆ’ ಎಂದರೆ ಇನ್ನು ಮುಂದಿನ ಕೆಲಸಕ್ಕೆ ಹೋಗೋಣ ಎಂದು ಅರ್ಥ. ಪ್ರೋಗ್ರಾಮರ್ ‘ಚೆನ್ನಾಗಿದೆ’ ಎಂದರೆ ಇದು ನನ್ನ ವಿಷಯವಲ್ಲ ಎಂದು. ಲೆಕ್ಕ ವಿಭಾಗದ ಮೇಡಂ ಹೇಳಿದರೆ, ನಿನ್ನ ಮನಸ್ಸು ನೋಯಿಸುವುದು ಯಾಕೆ ಎಂದು. ಒಬ್ಬರ ಮಾತಿನಲ್ಲೂ ಕೇಡಿಲ್ಲ. ಆದರೆ ಮೂರು ಬೇರೆ ಬೇರೆ ಮೌನಗಳನ್ನು ನಾನು ಒಂದೇ ಹೊಗಳಿಕೆ ಎಂದು ಕೇಳಿಸಿಕೊಂಡೆ.

ಎರಡು ವರ್ಷ ಕಳೆದ ಮೇಲೆ, ಸಂಬಳ ಏರಲಿಲ್ಲವೆಂಬ ಸಿಟ್ಟಿನಲ್ಲಿ ಬೇರೆ ಕಡೆ ಕೆಲಸಕ್ಕೆ ಅರ್ಜಿ ಹಾಕಿದೆ. ಮಾಡಿದ ಕೆಲಸಗಳನ್ನೆಲ್ಲ ಒಂದು ಕಡೆ ಜೋಡಿಸಿದೆ. ದಿನಾಂಕ ತೆಗೆದುಬಿಟ್ಟರೆ ಮೊದಲನೆಯದು ಯಾವುದು, ಕೊನೆಯದು ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ. ಅದೇ ತಿಳಿ ಬೂದು ಅಕ್ಷರ, ಅದೇ ದುಂಡು ಮೂಲೆ, ಅದೇ ಎಡಗಡೆಯ ನೀಲಿ ಪಟ್ಟಿ. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ ನೆನಪಿದೆ: ‘ಇದನ್ನು ಬಳಸಿದವರು ಏನು ಹೇಳಿದರು?’ ನಾನು ‘ಚೆನ್ನಾಗಿದೆ ಎಂದರು’ ಎಂದೆ. ಯಾರು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳಲು ಒಬ್ಬ ಗುಮಾಸ್ತರ ಮುಖವೂ ನನಗೆ ಗೊತ್ತಿರಲಿಲ್ಲ. ಕೆಲಸ ಸಿಗಲಿಲ್ಲ.

ಆ ವರ್ಷದ ದೀಪಾವಳಿಗೆ ಒಂದು ದಲಾಲಿ ಅಂಗಡಿಯಿಂದ ಲಕ್ಷ್ಮೀಪೂಜೆಗೆ ಕರೆ ಬಂತು. ಪ್ರತಿ ವರ್ಷ ಮಾರಾಟದವರು ಹೋಗಿ ಬರುತ್ತಿದ್ದರು. ಆ ಸಲ ಅವರಿಗೆ ಬಿಡುವಿರಲಿಲ್ಲ, ಮಾಲೀಕರು ನನ್ನನ್ನು ಕರೆದುಕೊಂಡು ಹೋದರು. ಗಾದಿಯ ಮೇಲೆ ದಿನದ ವಹಿವಾಟು ಬರೆಯುವ ಹೊಸ ಕಿರ್ದಿ, ಹೊಸ ಖಾತೆ ಪುಸ್ತಕ, ಕೆಂಪು ರಟ್ಟಿಗೆ ಅರಿಶಿನ ಕುಂಕುಮ. ಪಕ್ಕದಲ್ಲಿ ನಮ್ಮ ಆ್ಯಪ್ ಇರುವ ಮೊಬೈಲು, ಅದಕ್ಕೂ ಒಂದು ಹೂವು. ಮೊಬೈಲಿಗೆ ಹೂವು ಕಂಡು ನನಗೆ ಬಹಳ ಸಂತೋಷವಾಯಿತು. ಪೂಜೆ ಮುಗಿದು ಪೇಢೆ ಕೊಡುವಾಗ ಅಲ್ಲಿನ ಹಿರಿಯ ಗುಮಾಸ್ತರನ್ನು ಕೇಳಿದೆ: ‘ಕಾಕಾ, ಆ್ಯಪಿನಲ್ಲಿ ಎಲ್ಲ ಬರೆಯುತ್ತೀರಲ್ಲ, ಮತ್ತೆ ಈ ಕಿರ್ದಿ ಯಾಕೆ?’

‘ಇದರಲ್ಲಿ ಬರೆದದ್ದು ಕಾಣುತ್ತದೆ, ತಂಗಿ’ ಎಂದರು.

ಅಷ್ಟೇ. ವ್ಯಂಗ್ಯವಿರಲಿಲ್ಲ. ನಾನು ಪೇಢೆ ಬಾಯಿಗೆ ಹಾಕಿಕೊಂಡು ಸುಮ್ಮನೆ ನಿಂತೆ.

ಮರುವಾರ ಹಗಲು ಹೊತ್ತಿನಲ್ಲಿ ಯಾರ್ಡಿಗೆ ಹೋದೆ. ತೂಕದ ಕಾಂಟಾ ಇರುವುದು ಅಂಗಡಿಯ ಹೊರಗೆ, ನೆತ್ತಿ ಸುಡುವ ಬಿಸಿಲಿನಲ್ಲಿ. ಕಾಕಾ ಮೊಬೈಲನ್ನು ಅಂಗಿಯ ಮಡಿಕೆಯೊಳಗೆ ಹಿಡಿದು, ತಲೆ ಬಗ್ಗಿಸಿ, ನೆರಳು ಮಾಡಿಕೊಂಡು ಓದುತ್ತಿದ್ದರು. ನನ್ನ ಆ ತಿಳಿ ಬೂದು ಅಕ್ಷರಗಳನ್ನು! ಕಚೇರಿಗೆ ಬಂದು ಅಳೆದೆ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕು ಎಂದು ವೆಬ್‌ನ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಮ್‌ನ ಮಾರ್ಗಸೂಚಿ 2008ರಿಂದಲೇ ಹೇಳುತ್ತಿದೆ. ನನ್ನದು 2.8ರ ಆಸುಪಾಸಿನಲ್ಲಿತ್ತು. ಈ ಸಂಖ್ಯೆ ನನಗೆ ಗೊತ್ತಿರಲಿಲ್ಲವೆಂದಲ್ಲ. ಸ್ಟುಡಿಯೋದಲ್ಲಿದ್ದಾಗ ಇದನ್ನೇ ಬೇರೆಯವರ ಕೆಲಸದಲ್ಲಿ ಎತ್ತಿ ತೋರಿಸಿದ್ದೆ. ತಿದ್ದುವವರಿಲ್ಲದ ಮೇಜಿನಲ್ಲಿ ಗೊತ್ತಿದ್ದದ್ದೂ ಮರೆತುಹೋಗುತ್ತದೆ. ನಾನು ಹೆದರಬೇಕಾದದ್ದು ಇದಕ್ಕೆ.

ಒಬ್ಬಂಟಿ ಡಿಸೈನರ್ ಬೆಳೆಯುವುದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಹೊಸ ಕೋರ್ಸು, ಹೊಸ ತಂತ್ರಾಂಶ. ಅವನ್ನೆಲ್ಲ ನಾನೂ ಮಾಡಿದ್ದೇನೆ, ಪ್ರಮಾಣಪತ್ರಗಳು ಫೈಲಿನಲ್ಲಿವೆ. ಅವು ಕೈ ಚುರುಕು ಮಾಡಿದವು. ಕಣ್ಣು ತೆರೆಸಿದ್ದು ತಿದ್ದಿದವರು. ಕಂಪನಿಯಲ್ಲಿ ಅಂಥವರಿಲ್ಲದಿದ್ದರೆ ನಾವೇ ಹುಡುಕಿಕೊಂಡು ಹೋಗಬೇಕು. ಅವರು ಡಿಸೈನರ್ ಆಗಿರಬೇಕಾಗಿಲ್ಲ. ನನ್ನನ್ನು ಹೆಚ್ಚು ತಿದ್ದಿದವರಿಗೆ ಆ ಶಬ್ದದ ಅರ್ಥವೇ ಗೊತ್ತಿರಲಿಲ್ಲ.

ಕಾಕಾ ಅವರ ಇನ್ನೊಂದು ಪಾಠ ಹೇಳುತ್ತೇನೆ. ಪಟ್ಟಿಯನ್ನು ರದ್ದುಮಾಡಲು ಹೋದರೆ ನಮ್ಮ ಆ್ಯಪ್ ಒಂದು ಪ್ರಶ್ನೆ ಕೇಳುತ್ತಿತ್ತು: ‘ಈ ಪಟ್ಟಿಯನ್ನು ರದ್ದುಮಾಡಬೇಕೇ?’ ಕೆಳಗೆ ಎರಡು ಬಟನ್. ಒಂದರ ಮೇಲೆ ‘ಸರಿ’, ಇನ್ನೊಂದರ ಮೇಲೆ ‘ರದ್ದುಮಾಡಿ’. ಇಂಗ್ಲಿಷಿನಲ್ಲಿ ಮಾಡಿದ್ದನ್ನು ಯಾರೋ ಸಾಲಾಗಿ ಕನ್ನಡಕ್ಕೆ ಇಳಿಸಿದ್ದರು. ನಾನು ಬಣ್ಣ ಬಳಿದಿದ್ದೆ, ಓದಿರಲಿಲ್ಲ. ಕಾಕಾ ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ ಕೇಳಿದರು: ‘ಈಗ ಪಟ್ಟಿಯನ್ನು ರದ್ದುಮಾಡಲೋ, ರದ್ದುಮಾಡುವುದನ್ನು ರದ್ದುಮಾಡಲೋ?’

ನಗು ಬರುತ್ತದೆ, ಬರಲಿ. ಆದರೆ ಆ ಬಟನ್ ತಪ್ಪಾಗಿ ಒತ್ತಿದರೆ ರೈತನೊಬ್ಬನ ಲೆಕ್ಕ ಹೋಗುತ್ತದೆ, ಸಂಜೆ ಅಂಗಡಿಯಲ್ಲಿ ಜಗಳವಾಗುತ್ತದೆ, ಬೈಗುಳ ಗುಮಾಸ್ತರಿಗೆ. ಮರುದಿನವೇ ‘ಪಟ್ಟಿ ರದ್ದುಮಾಡಿ’, ‘ಬೇಡ, ಹಾಗೇ ಇರಲಿ’ ಎಂದು ಬರೆದೆ. ಮಾಡುವ ಕೆಲಸವನ್ನೇ ಬಟನ್ ಹೇಳಬೇಕು ಎಂಬುದು ಪುಸ್ತಕದಲ್ಲಿಯೂ ಇರುವ ಮಾತು. ಅದನ್ನು ನನಗೆ ಅರ್ಥ ಮಾಡಿಸಲು ಎಪಿಎಂಸಿ ಬೇಕಾಯಿತು.

ಬರೆದದ್ದೇನೋ ಸರಿ, ಅದು ಬಟನ್‌ನೊಳಗೆ ಹಿಡಿಸಲಿಲ್ಲ. ಅಗಲವನ್ನು ಇಂಗ್ಲಿಷಿನ ಆರಕ್ಷರದ ಪದಕ್ಕೆ ಅಳೆದು ಕೂರಿಸಿದ್ದರು. ಅದನ್ನು ಬದಲಿಸಿ ಎಂದು ಪ್ರೋಗ್ರಾಮರ್ ಬಳಿ ಹೋದೆ. ಆತ ‘ಇದೊಂದನ್ನು ಬದಲಿಸಿದರೆ ಅರವತ್ತು ಕಡೆ ಒಡೆಯುತ್ತದೆ, ಬಂದು ನೋಡಿ’ ಎಂದು ಕುರ್ಚಿ ಎಳೆದ. ಎರಡು ವರ್ಷದಲ್ಲಿ ಮೊದಲ ಸಲ ನಾನು ಅವನ ಪಕ್ಕ ಕುಳಿತು ಕೋಡ್ ನೋಡಿದೆ. ನಾನು ಕಳಿಸುತ್ತಿದ್ದ ಚಿತ್ರಗಳಲ್ಲಿ ಎಲ್ಲ ಅಂಗಡಿಗಳ ಹೆಸರೂ ಎರಡೇ ಪದ. ನಿಜವಾದ ಅಂಗಡಿಗಳ ಹೆಸರಿನಲ್ಲಿ ಇಬ್ಬರು ದೇವರು, ಮೂವರು ಮಕ್ಕಳು, ಕೊನೆಗೆ ‘ಆ್ಯಂಡ್ ಬ್ರದರ್ಸ್’. ನನ್ನ ಚಿತ್ರದಲ್ಲಿ ಇಂಟರ್ನೆಟ್ ಯಾವತ್ತೂ ಹೋಗುವುದಿಲ್ಲ. ಪಟ್ಟಿಯೇ ಇಲ್ಲದ ಮೊದಲ ದಿನ ಆ ಪುಟ ಹೇಗೆ ಕಾಣಬೇಕು ಎಂದು ನಾನು ಬರೆದೇ ಇರಲಿಲ್ಲ. ಆ ಖಾಲಿ ಜಾಗಗಳನ್ನೆಲ್ಲ ಅವನು ತನಗೆ ತೋಚಿದಂತೆ ತುಂಬಿದ್ದ. ಅರ್ಧ ಆ್ಯಪನ್ನು ವಿನ್ಯಾಸ ಮಾಡಿದವನು ಅವನೇ. ಬಿರುದು ಮಾತ್ರ ನನ್ನದು.

ಅವನ ಜೊತೆ ಕುಳಿತಾಗಲೇ ಕಂಡದ್ದು ಒತ್ತಕ್ಷರದ ಗೋಳು. ಕೋಷ್ಟಕದ ಸಾಲಿನ ಎತ್ತರವನ್ನೂ ಇಂಗ್ಲಿಷಿಗೆ ಅಳೆದದ್ದರಿಂದ ಕೆಲವು ಮೊಬೈಲ್‌ಗಳಲ್ಲಿ ಅಕ್ಷರದ ಕೆಳಭಾಗ ಕತ್ತರಿಸಿಹೋಗುತ್ತಿತ್ತು. ‘ಒಟ್ಟು ಮೊತ್ತ’ ಎಂಬುದು ‘ಒಟು ಮೊತ’ ಆಗಿತ್ತು. ವರ್ಷಗಟ್ಟಲೆ ಹಾಗೇ ಇತ್ತು, ಯಾರೂ ದೂರು ಕೊಟ್ಟಿರಲಿಲ್ಲ. ಕಂಪ್ಯೂಟರಿನ ಕನ್ನಡ ಎಂದರೆ ಹೀಗೇ ಇರುತ್ತದೆ ಎಂದು ಜನ ಒಪ್ಪಿಕೊಂಡುಬಿಟ್ಟಿದ್ದರು. ಇದನ್ನು ಯಾರ ಬಳಿ ಕೇಳುವುದು? ಗದಗಿನ ನೆನಪಾಯಿತು. ಮುದ್ರಣ ಕಾಶಿ ಎಂದು ಹೆಸರಾದ ಊರು, ಹುಬ್ಬಳ್ಳಿಯಿಂದ ಒಂದೂವರೆ ಗಂಟೆಯ ದಾರಿ. ಅಲ್ಲಿ ಅಚ್ಚುಮೊಳೆ ಜೋಡಿಸುವ ಕಾಲದಿಂದ ಕೆಲಸ ಮಾಡಿದ ಒಬ್ಬ ಅಜ್ಜನನ್ನು ಪರಿಚಯದವರೊಬ್ಬರು ತೋರಿಸಿದರು. ಅವರಿಗೆ ನನ್ನ ಪರದೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, ‘ಅಕ್ಷರಕ್ಕೆ ಮನೆ ಕಟ್ಟಿದ್ದೀಯ, ಒತ್ತಿಗೆ ನೆಲಮನೆ ಇಟ್ಟಿಲ್ಲ’ ಎಂದರು. ‘ರಾಷ್ಟ್ರೀಯ’ ಎಂದು ಬರೆದು ನೋಡು, ಅದು ನಿಂತರೆ ಎಲ್ಲವೂ ನಿಲ್ಲುತ್ತದೆ ಎಂದರು. ಒಂದರ ಕೆಳಗೆ ಎರಡು ಒತ್ತು ಬರುವ ಪದ. ಅಂದಿನಿಂದ ನನ್ನ ಪ್ರತಿ ಹೊಸ ಪರದೆಯ ಮೊದಲ ಪರೀಕ್ಷೆ ಆ ಪದವೇ. ಇಂಗ್ಲಿಷಿಗೆ ಅಕ್ಷರದ ಗಾತ್ರದ 1.3 ಪಟ್ಟು ಸಾಲಿನ ಎತ್ತರ ಸಾಕಾಗುವ ಕಡೆ ಕನ್ನಡಕ್ಕೆ 1.6 ಇಡುತ್ತೇನೆ. ಇದು ಯಾವ ಕೋರ್ಸಿನಲ್ಲೂ ನನಗೆ ಸಿಗಲಿಲ್ಲ.

ಇಲ್ಲಿ ಒಂದು ಅಡ್ಡಮಾತು. ಒಬ್ಬಂಟಿ ಡಿಸೈನರ್‌ಗಳ ವಿಷಯ ಬಂದಾಗೆಲ್ಲ ಸೂಸನ್ ಕೇರ್ ಅವರ ಹೆಸರು ಬರುತ್ತದೆ. 1984ರಲ್ಲಿ ಬಂದ, ಆಪಲ್ ಕಂಪನಿಯ ಮೊದಲ ಮ್ಯಾಕಿಂಟಾಷ್ ಕಂಪ್ಯೂಟರಿನ ಚಿಹ್ನೆಗಳನ್ನೂ ಹಲವು ಅಕ್ಷರ ವಿನ್ಯಾಸಗಳನ್ನೂ ಮಾಡಿದವರು. ಕಲೆ ಓದಿ ಬಂದವರು, ಕಂಪ್ಯೂಟರಿನ ಅನುಭವವಿರಲಿಲ್ಲ, ಚೌಕುಳಿ ಪುಸ್ತಕದಲ್ಲಿ ಒಂದೊಂದು ಚೌಕ ತುಂಬಿ ಚಿತ್ರ ಬರೆದರು. ಎಂಜಿನಿಯರುಗಳ ನಡುವೆ ಕಲಾವಿದೆ ಒಬ್ಬಳೇ ಗೆದ್ದಳು ಎಂಬಂತೆ ಕಥೆ ಹೇಳುತ್ತಾರೆ. ನನಗೆ ಆ ಕಥೆಯ ಇನ್ನೊಂದು ತುದಿ ಮುಖ್ಯ. ಅವರನ್ನು ಆ ಕೆಲಸಕ್ಕೆ ಕರೆದವರು ಪ್ರೋಗ್ರಾಮರ್ ಆ್ಯಂಡಿ ಹರ್ಟ್ಸ್‌ಫೆಲ್ಡ್, ಶಾಲೆಯ ದಿನಗಳಿಂದ ಪರಿಚಿತರು. ಚೌಕುಳಿ ಪುಸ್ತಕ ತೆಗೆದುಕೋ ಎಂದು ಹೇಳಿದವರೂ ಅವರೇ, ಮುಂದೆ ಪರದೆಯ ಮೇಲೆಯೇ ಚಿಹ್ನೆ ಬರೆಯಲು ಸಾಧನ ಮಾಡಿಕೊಟ್ಟವರೂ ಅವರೇ. ಮೆನುಗಳ ತುಂಬ ಸೇಬಿನ ಗುರುತು ಜಾಸ್ತಿಯಾಯಿತು ಎಂದು ಸ್ಟೀವ್ ಜಾಬ್ಸ್ ತಕರಾರು ತೆಗೆದದ್ದಕ್ಕೇ ಕೇರ್ ಚಿಹ್ನೆಗಳ ಕೋಶ ತಿರುವಿ, ಸ್ವೀಡನ್ನಿನಲ್ಲಿ ನೋಡತಕ್ಕ ಸ್ಥಳಗಳನ್ನು ತೋರಿಸಲು ಬಳಸುವ ಗುರುತನ್ನು ಆರಿಸಿದ್ದು. ಮ್ಯಾಕ್ ಕೀಲಿಮಣೆಗಳ ಮೇಲೆ ಅದು ಇಂದಿಗೂ ಇದೆ. ಅವರು ಒಬ್ಬರೇ ಡಿಸೈನರ್ ಆಗಿದ್ದಿರಬಹುದು, ಒಬ್ಬಂಟಿಯಾಗಿರಲಿಲ್ಲ. ಸುತ್ತಲಿದ್ದವರು ‘ಚೆನ್ನಾಗಿದೆ’ ಎಂದು ಎದ್ದು ಹೋಗುವವರಾಗಿರಲಿಲ್ಲ.

ನಮ್ಮ ಕಂಪನಿಗೆ ಬರೋಣ. ಸಹಾಯವಾಣಿಯಲ್ಲಿ ಒಬ್ಬ ಹುಡುಗಿ ಇದ್ದಳು, ಈಗಲೂ ಇದ್ದಾಳೆ. ಬಂದ ಕರೆಗಳನ್ನೆಲ್ಲ ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಶನಿವಾರ ಮಧ್ಯಾಹ್ನ ಅವಳ ಪಕ್ಕ ಕುಳಿತು ಆ ನೋಟ್‌ಬುಕ್ ಓದತೊಡಗಿದೆ. ‘ಅಕ್ಕಾ, ಇದಕ್ಕೆ ನೀವೇ ಉತ್ತರ ಹೇಳಿ’ ಎಂದು ಅವಳು ಕೆಲವೊಮ್ಮೆ ಫೋನನ್ನೇ ನನ್ನ ಕೈಗೆ ಕೊಡುವಳು. ಒಂದು ಪರದೆಯನ್ನು ಫೋನಿನಲ್ಲಿ ಬಾಯಿಮಾತಿನಿಂದ ವಿವರಿಸಲು ಹೊರಟು ನೋಡಿ, ಅದರ ಹುಳುಕೆಲ್ಲ ನಾಲಿಗೆಗೆ ಬರುತ್ತದೆ. ‘ಬಲಗಡೆ ಮೇಲೆ ಮೂರು ಚುಕ್ಕಿ ಇದೆಯಲ್ಲ’ ಎಂದು ನಾನು ಹೇಳಿದರೆ ಆ ಕಡೆಯವರು, ‘ಚುಕ್ಕಿಯೋ? ಗಾಜಿನ ಮೇಲೆ ಧೂಳು ಕೂತಿದೆ ಅಂದುಕೊಂಡಿದ್ದೆ’ ಎಂದರು.

ಧೂಳು ಎಂದಾಗ ಬ್ಯಾಡಗಿ. ಅಲ್ಲಿನ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೆಸರು. ಹಾಗೆಂದವರು ಸುಗ್ಗಿಯಲ್ಲಿ ಆ ಪೇಟೆಯಲ್ಲಿ ಅರ್ಧ ಗಂಟೆ ನಿಂತಿರಲಿಕ್ಕಿಲ್ಲ. ಕಣ್ಣು ಮೂಗು ಒರೆಸಿಕೊಳ್ಳುತ್ತ ನೋಡಿದೆ: ಗುಮಾಸ್ತರು ಕೆಂಪು ಪುಡಿ ಮೆತ್ತಿದ ಹೆಬ್ಬೆರಳನ್ನು ಬಿಟ್ಟು ಕಿರುಬೆರಳಿನ ಗೆಣ್ಣಿನಿಂದ ಮೊಬೈಲ್ ಒತ್ತುತ್ತಿದ್ದರು. ಮುಟ್ಟುವ ಜಾಗ ಕನಿಷ್ಠ 48 ಡಿಪಿ (ಪರದೆಯ ಮೇಲಿನ ಅಳತೆಯ ಮಾನ), ಎಂದರೆ ಸುಮಾರು 9 ಮಿಲಿಮೀಟರ್ ಇರಲಿ ಎಂದು ಆಂಡ್ರಾಯ್ಡ್ ಮಾರ್ಗಸೂಚಿ ಹೇಳುತ್ತದೆ. ನಾನು 32 ಇಟ್ಟಿದ್ದೆ, ಚೆಂದ ಕಾಣುತ್ತದೆ ಎಂದು.

ಕಿರ್ದಿಯ ಬಗ್ಗೆ ಹೇಳದಿದ್ದರೆ ಈ ಮಾತು ಅರ್ಧವಾಗುತ್ತದೆ. ಕಾಕಾ ಕಿರ್ದಿ ಬರೆಯುವುದನ್ನು ನೋಡಿ ನೋಡಿ ನಾನೂ ಒಂದು ಇಟ್ಟೆ. ಅವರ ಪದ್ಧತಿಯಲ್ಲಿ ಎರಡು ಕಟ್ಟುನಿಟ್ಟು. ಅಂದಿನದನ್ನು ಅಂದೇ ಬರೆಯಬೇಕು. ಅಳಿಸುವಂತಿಲ್ಲ, ತಪ್ಪಾದರೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು, ತಪ್ಪೂ ಕಾಣುತ್ತಿರಬೇಕು. ನನ್ನ ಕಿರ್ದಿಯಲ್ಲಿ ನಾನು ತೆಗೆದುಕೊಂಡ ನಿರ್ಧಾರ, ಅದರ ಕಾರಣ, ಏನಾಗಬಹುದೆಂಬ ನಿರೀಕ್ಷೆ ಇರುತ್ತದೆ. ಕೊನೆಯಲ್ಲಿ ‘ಆದದ್ದು’ ಎಂದು ಬರೆದು ಎರಡು ಸಾಲು ಖಾಲಿ ಬಿಡುತ್ತೇನೆ. ಎರಡು ಮೂರು ತಿಂಗಳಾದ ಮೇಲೆ ತುಂಬುತ್ತೇನೆ. ಆ ಎರಡು ಖಾಲಿ ಸಾಲುಗಳು ನನ್ನ ಬೆಂಗಳೂರಿನ ಹಿರಿಯರ ಬೆರಳಿದ್ದಂತೆ. ತುಂಬುವ ದಿನ ಬರುವವರೆಗೂ ಚುಚ್ಚುತ್ತಿರುತ್ತವೆ.

ಅದರಲ್ಲಿ ಅತಿ ದೊಡ್ಡ ಅಡ್ಡಗೆರೆ ‘ಹಳೆ ಬಾಕಿ’ಯದು. ಪಟ್ಟಿ ಬರೆಯುವ ಪುಟದಲ್ಲಿ ರೈತನ ಹೆಸರಿನ ಪಕ್ಕ ಹಳೆ ಬಾಕಿಯ ಮೊತ್ತ ಇರುತ್ತಿತ್ತು. ಅದೇ ಮೊತ್ತ ಖಾತೆಯ ಪುಟದಲ್ಲಿಯೂ ಇದೆ, ಇಲ್ಲಿ ಯಾಕೆ ಗದ್ದಲ ಎಂದು ತೆಗೆದೆ. ‘ನಿರೀಕ್ಷೆ: ಪುಟ ಹಗುರಾಗುತ್ತದೆ’ ಎಂದು ಕಿರ್ದಿಯಲ್ಲಿ ಬರೆದೆ. ತೆಗೆದದ್ದು ಫೆಬ್ರುವರಿಯಲ್ಲಿ, ಮೆಣಸಿನಕಾಯಿಯ ಸುಗ್ಗಿಯ ನಟ್ಟನಡುವೆ. ಅದೊಂದು ಬೇರೆ ಮೂರ್ಖತನ. ಮೂರು ದಿನ ಸಹಾಯವಾಣಿಯ ಹುಡುಗಿ ಊಟಕ್ಕೆ ಏಳಲಿಲ್ಲ. ಕಾರಣ ಕೇಳಲು ನಾನೇ ಹೋದೆ. ಒಬ್ಬ ದಲಾಲರು ತಾಳ್ಮೆಯಿಂದ ಹೇಳಿದರು: ರೈತ ಎದುರಿಗೆ ಕೂತಿರುತ್ತಾನೆ, ಮಗಳ ಮದುವೆಗೆ ಇನ್ನಷ್ಟು ಮುಂಗಡ ಬೇಕು ಎನ್ನುತ್ತಾನೆ. ಪಟ್ಟಿ ಬರೆಯುವಂತೆ ಮಾಡಿ ಒಂದು ಕಣ್ಣು ಬಾಕಿಯ ಮೇಲೆ ಹಾಯಿಸಿ, ಕೊಡಬಹುದೋ ಇಲ್ಲವೋ ಎಂದು ತೀರ್ಮಾನಿಸುತ್ತೇವೆ. ಅವನ ಕಣ್ಣೆದುರೇ ಖಾತೆಯ ಪುಟ ತೆರೆದು ಬಾಕಿ ಹುಡುಕಿದರೆ ಅದು ಅವನಿಗೆ ಅವಮಾನ.

ಆ ಗದ್ದಲ ಒಂದು ಮರ್ಯಾದೆಯಾಗಿತ್ತು. ಅದನ್ನು ನಾನು ಹಗುರ ಮಾಡಲು ಹೋಗಿದ್ದೆ. ನಾಲ್ಕನೆಯ ದಿನ ವಾಪಸು ಹಾಕಿದೆವು.

ಈ ಕಿರ್ದಿಯಿಂದ ಒಂದು ಲೌಕಿಕ ಲಾಭವೂ ಆಯಿತು. ಒಬ್ಬರೇ ಡಿಸೈನರ್ ಇರುವ ಕಡೆ ಏಣಿಯೇ ಇರುವುದಿಲ್ಲ. ಕಿರಿಯ, ಹಿರಿಯ, ಮುಖ್ಯ ಎಂಬ ಮೆಟ್ಟಿಲುಗಳಿಲ್ಲ. ಸಂಬಳ ಕೇಳಿದರೆ ಮಾಲೀಕರು, ‘ಹೋದ ವರ್ಷವೂ ಡಿಸೈನೇ ಮಾಡಿದಿರಿ, ಈ ವರ್ಷವೂ ಅದೇ’ ಎನ್ನುತ್ತಾರೆ. ಅವರ ದೃಷ್ಟಿಯಲ್ಲಿ ನಿಜವೇ. ನಾಲ್ಕನೆಯ ವರ್ಷ ನಾನು ಚೆಂದದ ಪರದೆಗಳನ್ನು ತೋರಿಸಲಿಲ್ಲ, ಕಿರ್ದಿಯನ್ನೂ ಸಹಾಯವಾಣಿಯ ನೋಟ್‌ಬುಕ್ಕನ್ನೂ ಅಕ್ಕಪಕ್ಕ ಇಟ್ಟೆ. ಪಟ್ಟಿ ತಪ್ಪಾಗಿ ರದ್ದಾಯಿತು ಎಂಬ ಕರೆಗಳು ವಾರಕ್ಕೆ ಹತ್ತಾರು ಇದ್ದವು, ಬಟನ್ ಬದಲಿಸಿದ ಮೇಲೆ ಎರಡೋ ಮೂರೋ. ಅವರು ವ್ಯಾಪಾರಿ ಮನೆತನದವರು, ಕಿರ್ದಿ ಓದಲು ಬರುತ್ತದೆ. ಅಡ್ಡಗೆರೆ ಎಳೆದ ‘ಹಳೆ ಬಾಕಿ’ಯ ಪುಟದ ಮೇಲೂ ಬಹಳ ಹೊತ್ತು ಕಣ್ಣಾಡಿಸಿದರು. ಸಂಬಳ ಏರಿತು. ಆ ಪುಟ ನೋಡಿಯೇ ಏರಿಸಿದರು ಎಂದು ನನ್ನ ಗುಮಾನಿ.

ಹಬ್ಬದ ಶುಭಾಶಯ, ಫ್ಲೆಕ್ಸು, ಹುಟ್ಟುಹಬ್ಬದ ಕಾರ್ಡು ಏನಾದವು ಎಂದು ಕೆಲವರ ಮುಖದಲ್ಲಿ ಪ್ರಶ್ನೆ ಕಾಣುತ್ತಿದೆ. ನಾಲ್ಕು ಮಾದರಿ ಮಾಡಿ ಮಾರಾಟದ ಹುಡುಗರಿಗೆ ಕೊಟ್ಟೆ, ನೀವೇ ಬರೆದುಕೊಳ್ಳಿ ಎಂದೆ. ಅವರು ಅದರ ಮೇಲೆ ಮೂರು ಬಗೆಯ ಅಕ್ಷರ, ಹೊಳೆಯುವ ದೀಪ, ಮಾಲೀಕರ ಫೋಟೋ ಎಲ್ಲ ತುಂಬುತ್ತಾರೆ. ನೋಡಿದರೆ ಹೊಟ್ಟೆ ತೊಳಸುತ್ತದೆ. ನೋಡುವುದಿಲ್ಲ. ಗಣೇಶನ ಶುಭಾಶಯ ವಿಕಾರವಾಗಿದ್ದರೆ ಯಾವ ರೈತನ ಪಟ್ಟಿಯೂ ತಪ್ಪುವುದಿಲ್ಲ.

ನನ್ನಂಥ ಇನ್ನೂ ಮೂವರು ಸಿಕ್ಕಿದ್ದಾರೆ: ಮೈಸೂರಿನಲ್ಲಿ ಆಸ್ಪತ್ರೆ ಸಾಫ್ಟ್‌ವೇರ್ ಮಾಡುವ ಕಡೆ ಒಬ್ಬರು, ಮಂಗಳೂರಿನಲ್ಲಿ ಒಬ್ಬರು, ದುಬೈಯಲ್ಲಿ ಒಬ್ಬರು, ಎಲ್ಲರೂ ತಮ್ಮ ತಮ್ಮ ಹಾಳೂರಿನ ಗೌಡರೇ. ಗುರುವಾರ ರಾತ್ರಿ ಒಂದು ಗಂಟೆ ಮಾತನಾಡುತ್ತೇವೆ. ಗ್ರಾಹಕರ ಹೆಸರು, ಅಂಕಿ ಅಂಶ ತೆಗೆದು ಸಮಸ್ಯೆಯನ್ನಷ್ಟೇ ತೋರಿಸಬೇಕು. ಇದನ್ನು ಮೀರಿದರೆ ಕೆಲಸಕ್ಕೇ ಸಂಚಕಾರ. ಇನ್ನೊಂದು ನಿಯಮ, ‘ಚೆನ್ನಾಗಿದೆ’ ಎಂದವರು ಮುಂದಿನ ಸಲ ಮೊದಲು ತಮ್ಮ ಕೆಲಸ ತೋರಿಸಬೇಕು. ಇದರಿಂದ ಎರಡು ಜಗಳಗಳಾಗಿವೆ. ಒಂದು ಇನ್ನೂ ಮುಗಿದಿಲ್ಲ.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ. ಒಬ್ಬ ವಿದ್ಯಾರ್ಥಿ ಕೇಳಿದ: ‘ತಿದ್ದುವವರು ಬೇಕೆಂದರೆ ಎಐ ಇದೆಯಲ್ಲ ಮೇಡಂ?’ ಬಳಸಿ ನೋಡಿದ್ದೇನೆ. ಕೆಲವು ತಪ್ಪುಗಳನ್ನು ಹಿಡಿಯುತ್ತದೆ, ಬಣ್ಣದ ಅಂತರದಂಥವನ್ನು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ನಾನು ಏನು ತೋರಿಸಿದರೂ ಮೊದಲು ಹೊಗಳುತ್ತದೆ. ನನ್ನ ಹಳೆಯ ರೋಗಕ್ಕೆ ಅದು ಹೊಸ ಪೇಢೆ. ಹಳೆ ಬಾಕಿಯ ಹಿಂದಿನ ಮರ್ಯಾದೆ ಅದಕ್ಕೆ ಗೊತ್ತಾಗಬೇಕಾದರೆ ನಾನೇ ಹೇಳಬೇಕು, ನನಗೆ ಗೊತ್ತಾಗಬೇಕಾದರೆ ಯಾರ್ಡಿಗೆ ಹೋಗಬೇಕು.

ಇನ್ನೊಬ್ಬಳು ಕೇಳಿದಳು, ಕಾಲೇಜು ಮುಗಿಸಿ ನೇರವಾಗಿ ಒಬ್ಬರೇ ಡಿಸೈನರ್ ಆಗಿ ಸೇರಬಹುದೇ ಎಂದು. ಬೇಡ ಎಂದೆ. ಮೊದಲು ಎರಡು ವರ್ಷ ಯಾರಾದರೂ ಬೆರಳಿಟ್ಟು ‘ಯಾಕೆ’ ಎಂದು ಕೇಳುವ ಜಾಗದಲ್ಲಿರಿ, ಸಂಬಳ ಕಡಿಮೆಯಾದರೂ ಸರಿ. ಆ ಪ್ರಶ್ನೆ ಕಿವಿಯೊಳಗೆ ಒಮ್ಮೆ ಕುಳಿತರೆ ಆಮೇಲೆ ಯಾವ ಹಾಳೂರಿಗೆ ಹೋದರೂ ಅದು ಕೇಳಿಸುತ್ತಿರುತ್ತದೆ. ನನಗೇ ಎರಡು ವರ್ಷ ಕೇಳಿಸಲಿಲ್ಲ, ಅದು ಬೇರೆ ಮಾತು. ಮನೆಯ ಪರಿಸ್ಥಿತಿಯಿಂದ ಬೇರೆ ದಾರಿಯೇ ಇಲ್ಲದವರು ಸೇರಿ, ಆದರೆ ಮೊದಲ ವಾರವೇ ಸಹಾಯವಾಣಿಯ ಪಕ್ಕ ಕುರ್ಚಿ ಹಾಕಿಸಿಕೊಳ್ಳಿ.

ಹೋದ ವರ್ಷ ನಮ್ಮ ವಿಭಾಗಕ್ಕೆ ಇನ್ನೊಂದು ಮೇಜು ಬಂತು. ಹೊಸ ಹುಡುಗಿ, ಕೆಲಸ ಕಲಿಯುವ ಹಸಿವಿನವಳು. ಸೇರಿದ ಎರಡನೆಯ ವಾರ, ಪಟ್ಟಿಯನ್ನು ಹುಡುಕುವ ಪುಟದ ಮೇಲೆ ಬೆರಳಿಟ್ಟು, ‘ಅಕ್ಕಾ, ಇಲ್ಲಿ ದಿನಾಂಕ ಮೊದಲು ಕೇಳಿ ಹೆಸರು ಆಮೇಲೆ ಕೇಳುವುದು ಯಾಕೆ?’ ಎಂದಳು. ನನಗೆ ಒಳಗೊಳಗೇ ಸಿಟ್ಟು ಬಂತು. ನಿನ್ನೆ ಮೊನ್ನೆ ಬಂದವಳು! ಎಲ್ಲದಕ್ಕೂ ಕಾರಣ ಬರೆದಿಟ್ಟಿದ್ದೇನೆ, ನೋಡು ಎಂದು ಗತ್ತಿನಿಂದ ಕಿರ್ದಿ ತೆಗೆದುಕೊಟ್ಟೆ. ಅವಳು ಪುಟ ತಿರುವಿ ತಿರುವಿ ಹುಡುಕಿದಳು. ಸಿಕ್ಕಿತು. ನಾಲ್ಕು ವರ್ಷದ ಹಿಂದಿನ ದಿನಾಂಕ, ನನ್ನದೇ ಅಕ್ಷರ: ‘ಕಾರಣ: ಇಂದು ಹೊತ್ತಾಯಿತು. ಸದ್ಯಕ್ಕೆ ಹೀಗಿರಲಿ.’ ಕೆಳಗೆ ‘ಆದದ್ದು’ ಎಂಬುದರ ಮುಂದೆ ಎರಡು ಸಾಲು ಖಾಲಿ.

ಅವಳು ನನ್ನ ಮುಖ ನೋಡಿದಳು. ನಾನು ಪೆನ್ನು ಕೊಟ್ಟೆ.